ಪ್ಯಾನ್ 40 ತಗಂಡ್ರೂ ಎದೆ ಉರಿ ಹೋಗ್ತಿಲ್ಲ ಅಂದೋರಿಗೆ

ಸರ್, ಎರಡು ದಿನ ತಿಂಡಿ ಆದ್ಮೇಲೆ ಪ್ಯಾನ್ 40 ತಗಂಡೆ ಏನೂ ಆಗ್ಲಿಲ್ಲ, ಜೆಲುಸಿಲ್ ಕುಡಿದ್ರೆ ತಕ್ಷಣ ಆರಾಮು, ಮಾತ್ರೆ ಡೂಪ್ಲಿಕೇಟಾ ಅಂತ ಕೇಳಿದೀರಲ್ಲ, ಡೂಪ್ಲಿಕೇಟ್ ಅಂತ ನಂಗನ್ಸಲ್ಲ ಬಿಡ್ರಿ, ನೀವು ತಗಳ್ಳೋ ಟೈಮೇ ಉಲ್ಟಾ ಇದೆ. ಜೆಲುಸಿಲ್ ಹೊಟ್ಟೇಲಿ ಆಗ್ಲೇ ಇರೋ ಆಸಿಡ್‌ನ ಅಲ್ಲೇ ತಣ್ಣಗೆ ಮಾಡುತ್ತೆ, ಅದಕ್ಕೇ ಬೇಗ ಗೊತ್ತಾಗೋದು, ಆದ್ರೆ ಸ್ವಲ್ಪ ಹೊತ್ತಷ್ಟೇ. ಪ್ಯಾನ್ 40ರಲ್ಲಿರೋ ಔಷಧಿ ಪ್ಯಾಂಟೊಪ್ರಜೋಲ್ ಹಂಗಲ್ಲ, ಅದು ರಕ್ತಕ್ಕೆ ಸೇರಿ ಹೊಟ್ಟೆ ಗೋಡೇಲಿರೋ ಆಸಿಡ್ ಪಂಪ್‌ಗಳನ್ನೇ ಬಂದ್ ಮಾಡುತ್ತೆ, ಅದೂ ಊಟಕ್ಕೆ ಆ ಪಂಪ್‌ಗಳು ಚಾಲೂ ಆದಾಗ ಮಾತ್ರೆ ರಕ್ತದಲ್ಲಿ ರೆಡಿ ಇರ್ಬೇಕು. ನೀವು ಬೆಳಗ್ಗೆ ಎರಡು ಬೆಣ್ಣೆ ದೋಸೆ ಮುಗಿಸಿ ಆಮೇಲೆ ನುಂಗಿದ್ರೆ ಏನ್ ಬಂತು? ತಿಂಡಿಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ, ಖಾಲಿ ಹೊಟ್ಟೇಲಿ, ನೀರಲ್ಲಿ ಇಡೀ ಮಾತ್ರೆ ನುಂಗ್ರಿ, ಅಗಿಬೇಡ್ರಿ ಪುಡಿ ಮಾಡ್ಬೇಡ್ರಿ, ಮೇಲಿನ ಕೋಟಿಂಗ್ ಇರೋದೇ ಹೊಟ್ಟೆ ಆಸಿಡ್‌ಗೆ ಹಾಳಾಗದಂಗೆ. ಪೂರ್ತಿ ಎಫೆಕ್ಟ್‌ಗೆ ಮೂರ್ನಾಲ್ಕು ದಿನ ಬೇಕು.

ಇನ್ನೊಂದು, ಥೈರಾಯ್ಡ್ ಇಲ್ಲಾ ಐರನ್ ಮಾತ್ರೆ ತಗಳ್ತಿದ್ರೆ ಜೆಲುಸಿಲ್ ಜೊತೆಗೇ ಬೇಡ, ನಾಲ್ಕು ಗಂಟೆ ಗ್ಯಾಪ್ ಕೊಡ್ರಿ.

ಸಂಜೆ ಮಿರ್ಚಿ ಮಂಡಕ್ಕಿ ಬಿಡಿ ಅಂತ ದಾವಣಗೆರೆಯವ್ರಿಗೆ ನಾನಂತೂ ಹೇಳಲ್ಲ, ತಿಂದ ತಕ್ಷಣ ಮಲಗ್ಬೇಡ್ರಿ ಅಷ್ಟೆ. ಎರಡು ವಾರ ತಗಂಡ್ರೂ ಹಂಗೇ ಇದ್ರೆ ಮೆಡಿಕಲ್ ಶಾಪಲ್ಲಿ ಇನ್ನೊಂದು ಶೀಟ್ ತರೋದಲ್ಲ, ಡಾಕ್ಟರ್‌ಗೆ ತೋರಿಸ್ರಿ. ಮಲ ಕಪ್ಪಗೆ ಹೋಗೋದು, ನುಂಗಕ್ಕೆ ಕಷ್ಟ, ತೂಕ ಇಳಿಯೋದು ಇದ್ರೆ ಅಷ್ಟು ದಿನಾನೂ ಕಾಯ್ಬೇಡ್ರಿ. ಎದೆ ಹಿಂಡಿದಂಗಾಗಿ ಕೈಗೆ, ದವಡೆಗೆ ನೋವು ಹರಿದು ಬೆವರು ಬಂದ್ರೆ ಗ್ಯಾಸ್ ಅಂತ ಕೂರದೆ ಸೀದಾ ಎಮರ್ಜೆನ್ಸಿಗೆ ಹೋಗ್ರಿ.