ಐದು ದಿನದ ಪ್ಯಾಕೇಜ್ ಬೇಡ ಅಕ್ಕಾರೆ

ಪುಣೆಯ ಕೊಥ್ರೂಡಿಂದ ಬರ್ದಿರೋ ಅಕ್ಕಾರಿಗೆ ಮುಂಬೈಯಿಂದ ನಮಸ್ಕಾರ. ಐವತ್ತಾರನೇ ವಯಸ್ಸಲ್ಲಿ ತಾಂಜಾನಿಯಾದ ಕಿಲಿಮಂಜಾರೋ ಬೆಟ್ಟ ಹತ್ತೋಕೆ ಹೊರಟಿದೀರಿ, ಓದಿ ಭಾಳ ಖುಷಿ ಆಯ್ತು. ಏಜೆಂಟ್ ಎರಡು ಪ್ಯಾಕೇಜ್ ಹೇಳಿದಾನೆ, ಮರಂಗು ದಾರೀಲಿ 5 ದಿನ, ಲೆಮೋಶೋ ದಾರೀಲಿ 8 ದಿನ, ಎರಡನೇದು ಭಾಳ ತುಟ್ಟಿ, ನಾನು ಪ್ರತಿ ಭಾನುವಾರ ಸಿಂಹಗಡ ಹತ್ತಿ ಇಳೀತೀನಲ್ಲ, ಐದು ದಿನ ಸಾಕಾಗಲ್ವಾ ಅಂತ ಕೇಳಿದೀರಿ.

ಸಾಕಾಗಲ್ಲ ಅಕ್ಕಾರೆ. ಸಿಂಹಗಡ ನಿಮ್ಮ ಕಾಲಿಗೆ, ದಮ್ಮಿಗೆ ಒಳ್ಳೇದು, ಬಿಡಬೇಡ್ರಿ, ಆದ್ರೆ ಅದರ ಎತ್ತರ ಸುಮಾರು 1,300 ಮೀಟರ್, ನಮ್ಮ ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿನೇ 1,646. ಕಿಲಿಮಂಜಾರೋದ ತುದಿ 5,895. ಅಲ್ಲಿ ಗಾಳಿ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ, ಅಂದ್ರೆ ಒಂದೊಂದು ಉಸಿರಿಗೂ ಸಿಗೋ ಆಕ್ಸಿಜನ್ ಅರ್ಧ. ಇದಕ್ಕೆ ಮೈ ಒಗ್ಗೋದು ದಿನ ಕಳೆದ ಹಾಗೇನೇ, ವ್ಯಾಯಾಮದಿಂದ ಅಲ್ಲ. ಗಟ್ಟಿಮುಟ್ಟಾದ ಹುಡುಗರೇ ಜೋರಾಗಿ ಹತ್ತಿ ವಾಂತಿ ಮಾಡ್ಕೊಂಡು ವಾಪಸ್ ಬರ್ತಾರೆ.

ಆ ಐದು ದಿನದ ಲೆಕ್ಕ ನೀವೇ ಹಾಕಿ ನೋಡ್ರಿ. ಮೊದಲ ರಾತ್ರಿ ಮಂದಾರಾ ಹಟ್, 2,720 ಮೀಟರ್. ಎರಡನೇ ರಾತ್ರಿ ಹೊರೊಂಬೋ, 3,720. ಮೂರನೇದು ಕಿಬೋ, 4,720, ಅದೂ ಪೂರ್ತಿ ನಿದ್ದೆ ಇಲ್ಲ, ನಡುರಾತ್ರಿ ಎಬ್ಬಿಸಿ ಶಿಖರಕ್ಕೆ ಹೊರಡಿಸ್ತಾರೆ. ದಿನಕ್ಕೆ ಸಾವಿರ ಮೀಟರ್! 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಇರಬೇಕು ಅಂತ ಪರ್ವತ ವೈದ್ಯರು ಹೇಳ್ತಾರೆ. ಲೆಮೋಶೋದಲ್ಲಿ ಮಧ್ಯಾಹ್ನ ಸುಮಾರು 4,600 ಮೀಟರಿನ ಲಾವಾ ಟವರ್ ತನಕ ಹತ್ತಿಸಿ, ಸಂಜೆಗೆ 4,000ದ ಆಸುಪಾಸಿನ ಬರಾಂಕೋ ಕ್ಯಾಂಪಿಗೆ ಇಳಿಸಿ ಮಲಗಿಸ್ತಾರೆ, ಮೈ ಕಲಿಯೋದು ಹಾಗೇನೇ. ದುಡ್ಡು ಹೊಂದಲ್ಲ ಅಂದ್ರೆ ಮಚಾಮೆ ದಾರೀಲಿ 7 ದಿನದ್ದು ಕೇಳ್ರಿ, ಇಲ್ಲಾ ಇನ್ನೊಂದು ವರ್ಷ ದುಡ್ಡು ಕೂಡಿಸ್ರಿ, ಬೆಟ್ಟ ಎಲ್ಲೂ ಹೋಗಲ್ಲ.

ಇನ್ನೊಂದು ಮಾತು, ನನ್ನದೇ ಅನುಭವ. ವರ್ಷಗಳ ಹಿಂದೆ ಹಿಮಾಲಯದ ಟ್ರೆಕ್ಕಲ್ಲಿ ತಲೆನೋವು ಶುರುವಾದಾಗ ಗೈಡ್‌ಗೆ ಹೇಳಿದ್ರೆ ಇಳಿಸಿಬಿಡ್ತಾನೆ ಅಂತ ಮುಚ್ಚಿಟ್ಟೆ. ಮರುದಿನ ನೆಟ್ಟಗೆ ನಡೆಯೋಕೆ ಆಗ್ತಿರಲಿಲ್ಲ, ಇಬ್ಬರು ಹೆಗಲು ಕೊಟ್ಟು ಇಳಿಸಿದ್ರು. ತೂರಾಡೋದು ಮಿದುಳಿಗೆ ನೀರು ತುಂಬ್ತಿರೋ ಲಕ್ಷಣ, ಸುಮ್ನೆ ಕೂತಿದ್ದರೂ ಏದುಸಿರು, ಕೆಮ್ಮು ಬಂದ್ರೆ ಶ್ವಾಸಕೋಶದ್ದು, ಎರಡಕ್ಕೂ ತಕ್ಷಣ ಇಳಿಯೋದೇ ಮೊದಲ ಔಷಧಿ. ಅದಕ್ಕೆ ಕೈ ಮುಗಿದು ಹೇಳ್ತೀನಿ, ಸಣ್ಣ ತಲೆನೋವಾದ್ರೂ ಗೈಡ್‌ಗೆ ಹೇಳ್ರಿ. ಎತ್ತರಕ್ಕೆ ಮೈ ಒಗ್ಗೋಕೆ ಕೊಡೋ ಡಯಾಮಾಕ್ಸ್ ಗುಳಿಗೆ ಬಗ್ಗೆ ಪುಣೆಯಲ್ಲೇ ಡಾಕ್ಟರನ್ನ ಕೇಳಿ, ನಿಮ್ಮ ಬಿಪಿ ಗುಳಿಗೆ ವಿಷಯ, ಸಲ್ಫಾ ಔಷಧಿ ಅಲರ್ಜಿ ಇದ್ರೆ ಅದನ್ನೂ ಹೇಳಿ ತಗೊಳ್ರಿ.

ಗೈಡ್ ಇಲ್ದೆ ಕಿಲಿಮಂಜಾರೋ ನ್ಯಾಷನಲ್ ಪಾರ್ಕಿನಲ್ಲಿ ಹತ್ತೋಕೆ ಬಿಡಲ್ಲ, ಆದ್ರೆ ಗೈಡ್ ಇದಾನೆ ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತ ಅಲ್ಲ. ದಿನಾ ಬೆರಳಿಗೆ ಮೀಟರ್ ಹಾಕಿ ಆಕ್ಸಿಜನ್ ನೋಡ್ತಾರಾ, ಸಿಲಿಂಡರ್ ಒಯ್ತಾರಾ, ಪೋರ್ಟರ್‌ಗಳ ಮೇಲೆ 20 ಕೆಜಿಗಿಂತ ಹೆಚ್ಚು ಹೊರಿಸಲ್ಲ ತಾನೇ, ಅವರಿಗೆ ದಿನಕ್ಕೆ ಎಷ್ಟು ಕೂಲಿ, ಎಷ್ಟು ಸಲ ಊಟ ಅಂತ ಏಜೆಂಟನ್ನ ಬಿಡದೇ ಕೇಳ್ರಿ. ತೀರಾ ಅಗ್ಗದ ಪ್ಯಾಕೇಜಲ್ಲಿ ಮೊದಲು ಕತ್ತರಿ ಬೀಳೋದು ಅವರ ಹೊಟ್ಟೆಗೇ, ಅಂಥಾ ಶಿಖರ ನಮಗೆ ಬೇಡ ಅಕ್ಕಾರೆ. ಇನ್ಶೂರೆನ್ಸಲ್ಲಿ 6,000 ಮೀಟರ್ ತನಕ ಕವರ್ ಇದೆ ಅಂತ ಬರೆದಿರಬೇಕು. ಏಪ್ರಿಲ್-ಮೇ ಮಳೆಗಾಲ, ಬೇಡ. ಜನವರಿ-ಫೆಬ್ರುವರಿ, ಇಲ್ಲಾ ಜೂನ್ ಕೊನೆಯಿಂದ ಅಕ್ಟೋಬರ್ ನೋಡ್ರಿ.

ಕೊನೇಗೆ ಶೇಂಗಾ ಉಂಡಿ ಒಯ್ಯಬಹುದಾ ಅಂತ ಕೇಳಿದೀರಲ್ಲ, ಖಂಡಿತ ಒಯ್ರಿ, ಚಟ್ನಿಪುಡಿನೂ ಇರಲಿ. ಮೇಲೆ ಹಸಿವೇ ಸತ್ತು ಹೋಗುತ್ತೆ, ಅಲ್ಲಿನ ಸೂಪು ಗಂಟಲಲ್ಲಿ ಇಳಿಯಲ್ಲ, ಮನೆ ರುಚಿ ಇದ್ರೆ ಎರಡು ತುತ್ತು ಹೋಗುತ್ತೆ. ಆದ್ರೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬಟ್ಟೆ ಚೀಲದಲ್ಲಿಡ್ರಿ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬಂದ್.