ಕೊಂಡದ್ದು ಸಕ್ರಮ, ಕುಡಿದ ಜಾಗ ಅಕ್ರಮ

ಮಾನ್ಯರೇ,

ಕಾರವಾರದಿಂದ ಗೋವೆಗೆ ಹೋಗಿದ್ದ ತಮ್ಮ ಗೆಳೆಯರು ಕಡಲತೀರದಲ್ಲಿ ಬಿಯರ್ ಕುಡಿಯುತ್ತ ಕುಳಿತು ದಂಡ ತೆತ್ತುದನ್ನು ತಿಳಿಸಿ, ಸನ್ನದುಳ್ಳ ಅಂಗಡಿಯಲ್ಲಿ ತೆರಿಗೆ ಸಹಿತ ಬೆಲೆ ಕೊಟ್ಟು ಕೊಂಡದ್ದನ್ನು ಬಯಲಲ್ಲಿ ಕುಡಿದರೆ ಅಪರಾಧವಾಗುವುದು ಹೇಗೆ, ಅದೂ ಗೋವೆಯಂಥ ಕಡೆ, ಎಂದು ಕೇಳಿದ್ದೀರಿ.

ಸಂವಿಧಾನದ ಏಳನೆಯ ಅನುಸೂಚಿಯು ಮದ್ಯದ ತಯಾರಿಕೆ, ಸಾಗಾಟ, ಮಾರಾಟಗಳನ್ನು ರಾಜ್ಯಗಳ ಪಟ್ಟಿಗೆ ಸೇರಿಸಿರುವುದರಿಂದ ಈ ವಿಷಯದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ಕಾನೂನು. ದೇಶಕ್ಕೆಲ್ಲ ಅನ್ವಯಿಸುವ ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮು ದಂಡಿಸುವುದು ಕುಡಿತವನ್ನಲ್ಲ, ಕುಡಿದು ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿ ಮಾಡುವುದನ್ನು. ಅದಕ್ಕೆ 24 ಗಂಟೆಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆ. (ಹಳೆಯ ದಂಡ ಸಂಹಿತೆಯಲ್ಲಿ ಈ ದಂಡ ಹತ್ತು ರೂಪಾಯಿಯಷ್ಟೇ ಇತ್ತು.)

ಗೋವೆಯಲ್ಲಿ ಮದ್ಯ ಅಗ್ಗವೆಂಬುದು ನಿಜವಾದರೂ, ಪ್ರವಾಸಿ ತಾಣಗಳ ರಕ್ಷಣೆಯ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಕಡಲತೀರದಲ್ಲಿ ಬಯಲಿನಲ್ಲಿ ಕುಡಿದರೆ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ದಂಡವನ್ನು ಗೊತ್ತುಪಡಿಸಲಾಯಿತು. ಮರಳಿನಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳಿಗೆ ಒಡೆದ ಬಾಟಲಿ ಏನು ಮಾಡೀತೆಂಬುದನ್ನು ನೆನೆದರೆ ಈ ನಿಯಮ ಅತಿಯೆಂದು ನನಗೆ ತೋರುವುದಿಲ್ಲ. ಸನ್ನದುಳ್ಳ ಶ್ಯಾಕ್‌ನಲ್ಲಿ (ತೀರದ ಗುಡಿಸಲು ಹೋಟೆಲಿನಲ್ಲಿ) ಕುಳಿತಿದ್ದರೆ ತಮ್ಮ ಗೆಳೆಯರನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಮಿಕ್ಕ ಬಾಟಲಿಗಳನ್ನು ಕಾರಿನಲ್ಲಿಟ್ಟುಕೊಂಡು ಗಡಿಯ ಮಾಜಾಳಿ ತನಿಖಾ ಠಾಣೆಯನ್ನು ದಾಟಹೊರಟಿದ್ದರೆ, ಕರ್ನಾಟಕದ ಸುಂಕ ಕಟ್ಟದ ಮದ್ಯವೆಂದು ಅಲ್ಲಿ ಬೇರೆಯದೇ ಪ್ರಕರಣವಾಗುತ್ತಿತ್ತು.

ಕಾರಿನೊಳಗೆ ಕುಡಿದಿದ್ದರೆ ಆಗುತ್ತಿತ್ತಲ್ಲವೇ ಎಂದೂ ಕೇಳಿದ್ದೀರಿ. ಪಾನನಿಷೇಧವಿರುವ ಬಿಹಾರದಲ್ಲಿ, ಜಾರ್ಖಂಡ್‌ನಿಂದ ಬಂದ ಕಾರೊಂದನ್ನು 2016ರಲ್ಲಿ ತಡೆದು ಒಳಗಿದ್ದವರ ಮೇಲೆ ಕುಡಿದಿದ್ದರೆಂದು ಪ್ರಕರಣ ಹೂಡಿದಾಗ, ಖಾಸಗಿ ವಾಹನವು ಸಾರ್ವಜನಿಕ ಸ್ಥಳವಲ್ಲವೆಂದು ಅವರು ವಾದಿಸಿದರು. ಸಾರ್ವಜನಿಕ ರಸ್ತೆಯಲ್ಲಿರುವ ಖಾಸಗಿ ವಾಹನವೂ ಅಲ್ಲಿನ ಅಬಕಾರಿ ಕಾನೂನಿನಂತೆ ಸಾರ್ವಜನಿಕ ಸ್ಥಳವೇ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಗಾಜು ಏರಿಸಿದ ಮಾತ್ರಕ್ಕೆ ಕಾರು ಮನೆಯಾಗುವುದಿಲ್ಲವೆಂದು ತಿಳಿದಿರುವುದು ಕ್ಷೇಮ. ಹೊರದೇಶಗಳಲ್ಲೂ ಒಂದೇ ರೀತಿಯಿಲ್ಲ: ಜರ್ಮನಿಯಲ್ಲಿ ಬೀದಿಯಲ್ಲಿ ಬಿಯರ್ ಹಿಡಿದು ನಡೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಸಿಂಗಪುರದಲ್ಲಿ 2015ರಿಂದ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವಂತಿಲ್ಲ.

‘ನಮ್ಮ ಊರಲ್ಲಿ ಯಾರೂ ಕೇಳುವುದಿಲ್ಲ’ ಎಂಬ ತಮ್ಮ ಮಾತನ್ನು ಮಾತ್ರ ಒಪ್ಪಲಾರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಕಲಮು ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನವನ್ನು ನಿಷೇಧಿಸಿದೆ; ಗೂಡಂಗಡಿಯವರ ಮೇಲೆ ‘ಮದ್ಯ ಕುಡಿಯಲು ಸ್ಥಳಾವಕಾಶ ಮಾಡಿಕೊಟ್ಟ’ ಪ್ರಕರಣಗಳು ದಾಖಲಾಗುತ್ತಲೇ ಇರುತ್ತವೆ. ತೊಡಕಿರುವುದು ಸನ್ನದಿನ ಬಗೆಯಲ್ಲಿ. ಸಿಎಲ್-2 ಸನ್ನದಿನ ಅಂಗಡಿ ಬಾಟಲಿ ಮಾರಬಹುದೇ ಹೊರತು ಅಲ್ಲಿಯೇ ಕುಡಿಸುವಂತಿಲ್ಲ. ಕುಳಿತು ಕುಡಿಯಲು ಸಿಎಲ್-9 ಸನ್ನದಿನ ಬಾರ್‌ಗೆ ಹೋಗಬೇಕು, ಅಲ್ಲಿ ಬೆಲೆ ಹೆಚ್ಚು. ದಿನಗೂಲಿಯವನು ಎಂಆರ್‌ಪಿ ದರಕ್ಕೆ ಕೊಂಡ ಕ್ವಾರ್ಟರನ್ನು ಮನೆಗೊಯ್ಯಲೂ ಆಗದೆ ಚರಂಡಿ ಕಟ್ಟೆಯ ಮೇಲೆ ಕುಳಿತು ಮುಗಿಸುವುದು ಇದರಿಂದಲೇ. ಅವನನ್ನೂ ಲೋಟ ಕೊಟ್ಟ ಗೂಡಂಗಡಿಯವನನ್ನೂ ಹಿಡಿದರೆ ಸಾಲದು. ತನ್ನ ಬಾಗಿಲ ಮುಂದಿನ ಬೀದಿಯೇ ಬಾರ್ ಆಗಿರುವುದನ್ನು ಕಂಡೂ ಮಾರುತ್ತ ಹೋಗುವ ಸನ್ನದುದಾರನನ್ನು ಸನ್ನದಿನ ನವೀಕರಣದ ವೇಳೆಯಲ್ಲಿ ಅಬಕಾರಿ ಇಲಾಖೆ ಪ್ರಶ್ನಿಸಬೇಕು.

– ಸಂಪಾದಕ