ಡ್ರಾಯರ್ ಇದ್ದ ಜಾಗಕ್ಕೆ ಹೋದ ಕೈ

ಅವರು ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ಗಂಡನ ಮೇಲಿನ ದೂರು ಹೊತ್ತುಕೊಂಡು. "16 ವರ್ಷದಲ್ಲಿ ಆಡದಿರೋ ಜಗಳ ಈ ಎರಡು ತಿಂಗಳಲ್ಲಿ ಆಡಿದೀವಿ ಮೇಡಂ. ಇನ್ನು ನನ್ನ ಕೈಲಿ ಆಗಲ್ಲ" ಅಂದರು. ನಲವತ್ತರ ಆಸುಪಾಸಿನ ವಯಸ್ಸು, ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಗಂಡ, 9 ವರ್ಷದ ಮಗಳು, ಅತ್ತೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅಡುಗೆಮನೆ ಒಡೆಸಿ ಹೊಸದಾಗಿ ಮಾಡಿಸುತ್ತಿದ್ದಾರೆ ಅನ್ನೋದು ಮಾತಿನ ಮಧ್ಯೆ ಬಂತು, ಅದೇನೋ ಲೆಕ್ಕಕ್ಕಿಲ್ಲದ ವಿಷಯ ಅನ್ನುವ ಹಾಗೆ. 6 ವಾರದ ಕೆಲಸ ಅಂತ ಶುರುವಾಗಿದ್ದು 9ನೇ ವಾರಕ್ಕೆ ಬಂದಿತ್ತು. ಮೊದಲ ಅರ್ಧ ಗಂಟೆ ನಾನೂ ಅದನ್ನು ಹಿಡಿದುಕೊಳ್ಳಲಿಲ್ಲ. ಗಂಡ ಹೆಂಡತಿ ನಡುವೆ ಹಳೆಯ ನೋವು ಏನಾದರೂ ಇದೆಯಾ ಅಂತಲೇ ಕೇಳುತ್ತಾ ಹೋದೆ. ಅಂಥದ್ದೇನೂ ಸಿಗಲಿಲ್ಲ. ಕೊನೆಗೆ, "ನಿನ್ನೆಯ ಜಗಳ ಹೇಗೆ ಶುರುವಾಯ್ತು, ಎದ್ದಾಗಿನಿಂದ ಹೇಳಿ" ಅಂದೆ.

ಬೆಳಗಿನ ಜಾವ ಎದ್ದಿದ್ದರು. ಮಗಳ ಕೋಣೆಯಲ್ಲಿ ಅಡುಗೆ ಸಾಮಾನು ತುಂಬಿದ್ದರಿಂದ ಮಗಳೂ ಅತ್ತೆಯೂ ಹಾಲ್‌ನಲ್ಲಿ ಮಲಗಿದ್ದರು. ಎಚ್ಚರ ಆಗುತ್ತೆ ಅಂತ ಲೈಟ್ ಹಾಕಲಿಲ್ಲ. ನಿದ್ದೆಗಣ್ಣಲ್ಲಿ ಕಾಲು ತಾನಾಗಿಯೇ ಅಡುಗೆಮನೆ ಕಡೆ ಹೋಯ್ತು. ಪ್ಲಾಸ್ಟಿಕ್ ಪರದೆ ಸರಿಸಿದರು. ಚಮಚದ ಡ್ರಾಯರ್ ಎಳೆಯೋಕೆ ಬಲಗೈ ಚಾಚಿತು. ಬೆರಳಿಗೆ ತಗುಲಿದ್ದು ತಣ್ಣಗಿನ ಸಿಮೆಂಟ್ ಗೋಡೆ. ಹಾಗೇ ಕೈ ಇಟ್ಟುಕೊಂಡು ನಿಂತುಬಿಟ್ಟರಂತೆ. ಹಿಂದಿನಿಂದ ಬಂದ ಗಂಡ, "ಇನ್ನೂ ಅಭ್ಯಾಸ ಆಗಿಲ್ವಾ?" ಅಂತ ನಕ್ಕರು. ಇವರು ತಿರುಗಿ ಬಚ್ಚಲಲ್ಲಿ ರಾತ್ರಿಯಿಂದ ಬಿದ್ದಿದ್ದ ಲೋಟಗಳ ಬಗ್ಗೆ ಕೂಗಾಡಿದರು. ಅಲ್ಲಿಗೆ ಎಲ್ಲರಿಗೂ ಎಚ್ಚರವಾಯ್ತು.

ಇದನ್ನು ಹೇಳುವಾಗ ಅವರ ಬಲಗೈ ಮೇಜಿನ ಮೇಲೆ ಸ್ವಲ್ಪ ಮುಂದೆ ಚಾಚಿಕೊಂಡಿತ್ತು. "ಆ ಹೊತ್ತಲ್ಲಿ ನೀವು ದಿನಾ ಏನು ಮಾಡ್ತಿದ್ರಿ?" ಅಂತ ಕೇಳಿದೆ. "ಏನಿಲ್ಲ, ಸುಮ್ನೆ ನೀರು ಬಿಸಿಗಿಟ್ಟು ಕಿಟಕಿ ಹತ್ರ ನಿಲ್ತಿದ್ದೆ. ಹತ್ತು ನಿಮಿಷ. ಯಾರೂ ಏಳೋ ಮುಂಚೆ" ಅಂದರು. ಅಷ್ಟು ಹೇಳಿ ಅತ್ತರು.

ಅಡುಗೆಮನೆ ಹೋದಾಗ ಬರೀ ಒಲೆ, ಸಿಂಕ್ ಹೋಗುವುದಿಲ್ಲ. ದಿನ ನಡೆಯುವ ದಾರಿಯೇ ಹೋಗುತ್ತದೆ. ಯಾವ ಸಾಮಾನು ಎಲ್ಲಿದೆ ಅಂತ ನಾವು ಯೋಚಿಸುವುದಿಲ್ಲ, ಕೈಗೆ ಗೊತ್ತಿರುತ್ತದೆ. ಅದು ತಪ್ಪಿದ ದಿನದಿಂದ ಒಂದು ಲೋಟ ನೀರಿಗೂ ಯೋಚನೆ ಮಾಡಬೇಕು. ಸಂಜೆಯ ಹೊತ್ತಿಗೆ ಮನುಷ್ಯ ಕಾರಣವೇ ತಿಳಿಯದೆ ಸೋತಿರುತ್ತಾನೆ. ಈ ಮನೆಯಲ್ಲಿ ಎಲ್ಲರೂ ಹಾಗೆ ಸೋತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ಎಣಿಸುತ್ತಿದ್ದರು.

"ಇಷ್ಟು ಚಿಕ್ಕದಕ್ಕೆ ಅಳ್ತಿದೀನಲ್ಲ" ಅಂತ ಅವರಿಗೆ ನಾಚಿಕೆ. ಅದಕ್ಕೆ ಒಂದು ಹಳೆಯ ಪಟ್ಟಿ ತೋರಿಸಿದೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಅನ್ನುವ ಇಬ್ಬರು ಮನೋವೈದ್ಯರು ಬದುಕಿನ 43 ಬದಲಾವಣೆಗಳಿಗೆ ಅಂಕ ಕೊಟ್ಟಿದ್ದರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73. ಆದರೆ ಚಿಕ್ಕವೂ ಇವೆ. ವಾಸದ ಪರಿಸ್ಥಿತಿ ಬದಲಾದರೆ 25, ನಿದ್ದೆಯ ಅಭ್ಯಾಸಕ್ಕೆ 16, ಊಟದ ಅಭ್ಯಾಸಕ್ಕೆ 15, ಸಂಗಾತಿಯ ಜೊತೆ ವಾದ ಜಾಸ್ತಿಯಾದರೆ 35. ಅವರೇ ಪೆನ್ ತಗೊಂಡು ಕೂಡಿದರು. 91. ಸುಮಾರು ಹೊತ್ತು ಆ ಸಂಖ್ಯೆಯನ್ನೇ ನೋಡಿದರು. ಈ ಅಂಕದಿಂದ ಯಾರ ಮನಸ್ಸನ್ನೂ ಅಳೆಯೋಕೆ ಆಗಲ್ಲ, ಅದನ್ನೂ ಹೇಳಿದೆ. ಆದರೆ ಸಣ್ಣಪುಟ್ಟದ್ದು ಒಟ್ಟಿಗೆ ಬಂದಾಗ ಭಾರವಾಗುತ್ತೆ ಅನ್ನೋದನ್ನು ಕಾಗದದ ಮೇಲೆ ನೋಡಿದರೆ ನಾಚಿಕೆ ಕಮ್ಮಿಯಾಗುತ್ತದೆ. ಅವರಿಗೂ ಆಯ್ತು.

ನಾನು ಮೊದಲು ಕೇಳಿಕೊಂಡಿದ್ದು ಆ ಹತ್ತು ನಿಮಿಷವನ್ನು ವಾಪಸ್ ತನ್ನಿ ಅಂತ. ಅಡುಗೆಮನೆ ಮುಗಿಯೋವರೆಗೆ ಕಾಯಬೇಡಿ. ಮನೆಯಲ್ಲಿ ಇನ್ನೊಂದು ಕಿಟಕಿ ಇದೆ ತಾನೇ? ಅದರ ಪಕ್ಕ ಒಂದು ಮೇಜು. ಅದರ ಮೇಲೆ ಕೆಟಲ್, ಚಮಚದ ಡಬ್ಬಿ, ಆರು ಲೋಟ, ಒಂದು ಒರೆಸುವ ಬಟ್ಟೆ. ಇಟ್ಟ ಜಾಗ ಬದಲಾಗಬಾರದು, ಯಾರೇ ತೆಗೆದರೂ ಅಲ್ಲೇ ಇಡಬೇಕು. ಹೊಸ ಜಾಗವನ್ನು ಕೈ ಕಲಿಯುತ್ತದೆ, ಆದರೆ ಸಾಮಾನು ದಿನಕ್ಕೊಂದು ಕಡೆ ಓಡಾಡುತ್ತಿದ್ದರೆ ಕಲಿಯೋಕೆ ಆಗಲ್ಲ. ಅಲ್ಲಿಯವರೆಗೆ ಅವರ ಕೆಟಲ್ ಮಲಗುವ ಕೋಣೆಯಲ್ಲಿ, ಲೋಟ ಬಚ್ಚಲಲ್ಲಿ, ಸಕ್ಕರೆ ಮಗಳ ಪುಸ್ತಕದ ಕಪಾಟಿನಲ್ಲಿ ಇತ್ತು.

ಸುರಕ್ಷತೆಯ ಮಾತೂ ಆಡಬೇಕಾಯ್ತು, ಯಾಕೆಂದರೆ ಇಂಡಕ್ಷನ್ ಒಲೆ ಮತ್ತು ಕೆಟಲ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದರು. ಒಲೆ ಸುಮಾರು 2000 ವಾಟ್, ಕೆಟಲ್ 1500. ಒಟ್ಟಿಗೆ ಓಡಿದರೆ ಬೋರ್ಡ್ ಕಾದು ಕರಗಬಹುದು. ಒಲೆಯನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ, ಒಂದು ನಿಂತ ಮೇಲೆ ಇನ್ನೊಂದು ಅಂದೆ. ಮಗಳಿಗೆ ಕೆಮ್ಮು ಬೇರೆ. ಟೈಲ್ಸ್, ಕಲ್ಲು ಒಣಗಿದ್ದಾಗಲೇ ಕತ್ತರಿಸಿದರೆ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಹಾಕಿಕೊಂಡು, ಹೊರಗಡೆ ಕತ್ತರಿಸಲು ಹೇಳಬೇಕು. ಪರದೆಯ ಅಂಚಿಗೆ ಟೇಪ್ ಹಾಕಿ, ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಗುವನ್ನು ಡಾಕ್ಟರಿಗೆ ತೋರಿಸಿ ಅಂದೆ. ಇದೆಲ್ಲ ಆಪ್ತಸಲಹೆಯ ಕೆಲಸವಾ ಅಂತ ಕೆಲವರು ಕೇಳುತ್ತಾರೆ. ಮಗು ರಾತ್ರಿಯಿಡೀ ಕೆಮ್ಮುತ್ತಿರುವ ಮನೆಯಲ್ಲಿ ತಾಳ್ಮೆಯ ಪಾಠ ಹೇಳೋಕೆ ನನಗೆ ಮನಸ್ಸು ಬರುವುದಿಲ್ಲ.

ಎರಡನೇ ಸಲ ಗಂಡನೂ ಬಂದರು. ಮಾತು ಕಮ್ಮಿ. ಕೆಲಸದವರು ಬೇಕಂತಲೇ ಆಟ ಆಡಿಸುತ್ತಿದ್ದಾರೆ ಅಂತ ಅವರಿಗೆ ಸಿಟ್ಟು, ಆ ಸಿಟ್ಟು ಮನೆಯಲ್ಲಿ ನಗುವಿನ ರೂಪದಲ್ಲಿ, ಚುಚ್ಚುಮಾತಿನ ರೂಪದಲ್ಲಿ ಹೊರಗೆ ಬರುತ್ತಿತ್ತು. ಅವರಿಗೆ ಒಂದು ಕೆಲಸ ಕೊಟ್ಟೆ. ಮೇಸ್ತ್ರಿಯನ್ನು "ಯಾವಾಗ ಮುಗಿಯುತ್ತೆ?" ಅಂತ ಕೇಳಬೇಡಿ. "ಇದಾದ ಮೇಲೆ ಯಾವುದು, ಅದಕ್ಕೆ ಏನು ಬೇಕು?" ಅಂತ ಕೇಳಿ ಬರೆದುಕೊಳ್ಳಿ.

ಮುಂದಿನ ವಾರ ಆ ಹಾಳೆ ತಂದಿದ್ದರು. ಪೈಪು ಮತ್ತು ವೈರು, ಗಾರೆ, ಅದು ಒಣಗುವ ದಿನಗಳು, ಟೈಲ್ಸ್, ಕೆಳಗಿನ ಕಪಾಟು. ಕಪಾಟು ಕೂರಿಸಿ ಮಟ್ಟ ನೋಡಿದ ಮೇಲೆಯೇ ಕಟ್ಟೆಯ ಕಲ್ಲಿಗೆ ಅಳತೆ. ಅಳತೆ ತಗೊಂಡು ಕತ್ತರಿಸಿ ತಂದ ಮೇಲೆ ಸಿಂಕ್. ಸಿಂಕ್ ಬಂದ ಮೇಲೆ ಪ್ಲಂಬರ್ ಮತ್ತೆ ಬರಬೇಕು. ಕಪಾಟು ಹತ್ತು ದಿನ ತಡವಾಗಿದ್ದಕ್ಕೆ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. "ಯಾರೂ ನಮ್ಮನ್ನ ಆಟ ಆಡಿಸ್ತಿಲ್ಲ ಅನ್ಸುತ್ತೆ" ಅಂದರು. ಸರಪಳಿ ಕಂಡ ಮೇಲೆ ಅವರ ದನಿಯೇ ಇಳಿದಿತ್ತು. ಮೇಸ್ತ್ರಿಯ ಜೊತೆ ಮಾತು ದಿನಕ್ಕೆ ಒಂದೇ ಸಲ, ಒಬ್ಬರೇ ಆಡಬೇಕು, ಹೇಳಿದ್ದನ್ನು ಬರೆದಿಡಬೇಕು ಅಂತ ಅವರೇ ತೀರ್ಮಾನ ಮಾಡಿಕೊಂಡರು. ಮೊದಲು ಇಬ್ಬರೂ ಬೇರೆ ಬೇರೆ ಹೇಳಿ ಒಂದು ಗೋಡೆಯ ಟೈಲ್ಸ್ ಕೀಳಿಸಿದ್ದರಂತೆ.

ಲೋಟದ ಜಗಳಕ್ಕೆ ಸುಲಭದ ದಾರಿ ಸಿಕ್ಕಿತು. ಒಬ್ಬೊಬ್ಬರಿಗೆ ಒಂದು ತಟ್ಟೆ, ಒಂದು ಲೋಟ, ಉಳಿದದ್ದು ಪೆಟ್ಟಿಗೆಗೆ. ತೊಳೆಯೋ ಮುಂಚೆ ಎಣ್ಣೆ ಜಿಡ್ಡನ್ನು ಕಾಗದದಲ್ಲಿ ಒರೆಸಬೇಕು, ಇಲ್ಲದಿದ್ದರೆ ಬಚ್ಚಲ ನೀರು ಕಟ್ಟಿಕೊಳ್ಳುತ್ತದೆ.

ಅತ್ತೆಯ ಬಗ್ಗೆ ಯಾರೂ ದೂರು ಹೇಳಿರಲಿಲ್ಲ, ಅದೇ ನನಗೆ ಚಿಂತೆಯಾಗಿತ್ತು. ಅಡುಗೆಮನೆಯಲ್ಲಿ ಅರ್ಧ ದಿನ ಕಳೆಯುತ್ತಿದ್ದವರು ಈಗ ಹಾಲ್‌ನಲ್ಲಿ ಗೋಡೆಗೆ ಒರಗಿ ಕೂತಿರುತ್ತಾರೆ ಅಂದರು. ಅವರಿಗೆ ಕೆಲಸ ಕೊಡಿ, ಕರುಣೆಗಲ್ಲ, ನಿಜವಾಗಿ ಬೇಕಾದ ಕೆಲಸ ಕೊಡಿ ಅಂದೆ. ಹೊಸ ಕಪಾಟಿನಲ್ಲಿ ಯಾವುದು ಎಲ್ಲಿರಬೇಕು ಅಂತ ಅವರನ್ನೇ ಕೇಳಿ.

ಕೆಲಸ ಮುಗಿದದ್ದು 13ನೇ ವಾರದಲ್ಲಿ. ಒಂದು ತಿಂಗಳಾದ ಮೇಲೆ ಆಕೆ ಫೋನ್ ಮಾಡಿದ್ದರು. ಕೈ ಇನ್ನೂ ಹಳೆ ಡ್ರಾಯರ್ ಕಡೆ ಹೋಗುತ್ತಂತೆ, ಜಗಳ ಕಮ್ಮಿಯಾಗಿದೆಯಂತೆ. ಮೇಲಿನ ಶೆಲ್ಫ್ ಅತ್ತೆಗೆ ಎಟುಕುತ್ತಿಲ್ಲ, ಬಡಗಿ ಅದನ್ನು ಒಂದು ಗೇಣು ಕೆಳಗಿಳಿಸೋಕೆ ಬರ್ತಿದಾನೆ, ಬಾಗಿಲು ತೆಗೀಬೇಕು ಅಂತ ಫೋನ್ ಇಟ್ಟರು.